ಆಟವನ್ನು ಚಿಕಿತ್ಸೆಯಾಗಿಸಿದ ಲುಡ್ವಿಗ್ ಗಟ್‌ಮನ್

ನೆಮ್ಮಾರಿನ ನಮ್ಮ ಮನೆಯಿಂದ ಬೋಧನಾಭ್ಯಾಸಕ್ಕೆ ಹೋಗುತ್ತಿದ್ದ ಶಾಲೆಯಲ್ಲಿ ಒಂದು ದಿನ ದೈಹಿಕ ಶಿಕ್ಷಣದ ಅವಧಿ ನನ್ನ ಪಾಲಿಗೆ ಬಂತು. ಕಾಲಿನಲ್ಲಿ ಬಲವಿಲ್ಲದ ಎಂಟನೇ ತರಗತಿಯ ಹುಡುಗನಿಗೆ ಉಳಿದವರ ಬ್ಯಾಗು ಕಾಯುವ ಕೆಲಸ ಕೊಟ್ಟೆ. ಅದನ್ನೇ ಕಾಳಜಿ ಎಂದುಕೊಂಡಿದ್ದೆ. ಗಟ್‌ಮನ್ ಅವರ ಬದುಕನ್ನು ಓದಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ.

ಅವರು ಹುಟ್ಟಿದ್ದು 1899ರಲ್ಲಿ, ಅಂದಿನ ಜರ್ಮನಿಯ ಟೋಸ್ಟ್ ಊರಿನ ಯಹೂದಿ ಕುಟುಂಬದಲ್ಲಿ. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನುಮೂಳೆ ಮುರಿದ ಗಣಿ ಕಾರ್ಮಿಕನೊಬ್ಬ ಕೆಲವೇ ವಾರಗಳಲ್ಲಿ ತೀರಿಕೊಂಡದ್ದನ್ನು ಕಂಡರು. ಅಂಥವರು ಬದುಕುವುದಿಲ್ಲ ಎಂದೇ ಆಗಿನ ವೈದ್ಯರು ನಂಬಿದ್ದರು. ಗಟ್‌ಮನ್ ನರರೋಗ ತಜ್ಞರಾದರು. ನಾಜಿಗಳ ಕಿರುಕುಳದಿಂದಾಗಿ 1939ರಲ್ಲಿ ಇಂಗ್ಲೆಂಡ್ ಸೇರಿದರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ಗಾಯದ ವಿಭಾಗದ ಹೊಣೆ ಹೊತ್ತರು. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಕ್ರಮ ತಂದರು. ತೋಳು, ಬೆನ್ನಿಗೆ ಬಲ ಬರಲೆಂದು ಆಟ ಆಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಮೈದಾನದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಅದೇ ಬೆಳೆದು 1960ರಲ್ಲಿ ರೋಮ್‌ನ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು. 1980ರಲ್ಲಿ ಗಟ್‌ಮನ್ ತೀರಿಕೊಂಡರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದವರು ನಮ್ಮ ಪಕ್ಕದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ.

ಮುಂದಿನ ಅವಧಿಗೆ ಪಾಠಯೋಜನೆ ಬದಲಿಸಿದೆ: ಎಲ್ಲರೂ ಕುಳಿತೇ ಚೆಂಡೆಸೆದು ಗುರಿ ಹೊಡೆಯುವ ಆಟ. ಆ ಹುಡುಗ ಹತ್ತರಲ್ಲಿ ಏಳು ಹೊಡೆದ, ನಾನು ನಾಲ್ಕು. ಅವತ್ತು ಬ್ಯಾಗು ಕಾಯಲು ಯಾರೂ ಬೇಕಾಗಲಿಲ್ಲ.