ಆಲ್ಡೊ ಲಿಯೊಪೋಲ್ಡ್: ತೋಳ, ಜಿಂಕೆ ಮತ್ತು ಬೆಟ್ಟ

ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಪ್ರತಿ ಬೇಸಿಗೆಯಲ್ಲೂ ಅವರೆ ಬಳ್ಳಿ ಹಬ್ಬಿಸುತ್ತಾರೆ. ಪ್ರತಿ ಬೇಸಿಗೆಯಲ್ಲೂ ಜಿಂಕೆಗಳು ಬಂದು ಅದನ್ನು ತಿಂದು ಹೋಗುತ್ತವೆ. ವಿಸ್ಕಾನ್ಸಿನ್‌ನಲ್ಲಿ ತೋಟ ಮಾಡುವ ಅಂಕಲ್ ಆಂಟಿಯರಿಗೆಲ್ಲ ಇದು ಗೊತ್ತೇ ಇದೆ. ಇಷ್ಟೊಂದು ಜಿಂಕೆ ಯಾಕಿವೆ ಎಂದು ನಾನು ಬಯಾಲಜಿ ಟೀಚರನ್ನು ಕೇಳಿದಾಗ ಅವರು ಉತ್ತರ ಹೇಳದೆ ಒಂದು ಹೆಸರು ಹೇಳಿದರು: ಆಲ್ಡೊ ಲಿಯೊಪೋಲ್ಡ್.

ಲಿಯೊಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಮನೆಯ ಕೆಳಗೇ ಮಿಸಿಸಿಪ್ಪಿ ನದಿ. ಮನೆಮಾತು ಜರ್ಮನ್, ಇಂಗ್ಲಿಷ್ ಆಮೇಲೆ ಬಂದದ್ದು. (ಇದನ್ನು ಓದಿದಾಗ ಅವರು ನಮ್ಮವರೇ ಅನ್ನಿಸಿತು.) ಮೇಜು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದ ತಂದೆಗೆ ಬೇಟೆಯ ಹುಚ್ಚಿತ್ತು. ಆದರೆ ಹಕ್ಕಿಗಳು ಗೂಡು ಕಟ್ಟಲು ಹೊರಡುವ ವಸಂತದಲ್ಲಿ ಅವರು ಬೇಟೆಯಾಡುತ್ತಿರಲಿಲ್ಲ. ಆಗ ಅದನ್ನು ತಡೆಯುವ ಕಾನೂನೂ ಇರಲಿಲ್ಲ.

1909ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಮುಗಿಸಿದ ಲಿಯೊಪೋಲ್ಡ್ ಅರಣ್ಯ ಇಲಾಖೆ ಸೇರಿ ಅರಿಜೋನಾದ ಅಪಾಚೆ ಕಾಡಿಗೆ ಹೋದರು. ಆಗ ಅವರಿಗೆ 22 ವರ್ಷ. ಒಂದು ದಿನ ಬಂಡೆಯ ಮೇಲೆ ಕುಳಿತು ಜೊತೆಗಾರರೊಂದಿಗೆ ಊಟ ಮಾಡುತ್ತಿದ್ದಾಗ, ಕೆಳಗೆ ಹೊಳೆ ದಾಟಿ ಬಂದ ತಾಯಿ ತೋಳವೂ ಬೆಳೆದ ಮರಿಗಳೂ ಕಂಡವು. ಎಲ್ಲರೂ ಗುಂಡು ಹಾರಿಸಿದರು. ಯಾಕೆ ಎಂದು ಯಾರೂ ಯೋಚಿಸಲಿಲ್ಲ. ತೋಳ ಜಿಂಕೆಯನ್ನು ತಿನ್ನುತ್ತದೆ, ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆ, ಜಿಂಕೆ ಹೆಚ್ಚಿದರೆ ಬೇಟೆಗಾರರಿಗೆ ಸಂತೋಷ: ಆ ಕಾಲದ ಲೆಕ್ಕ ಇಷ್ಟೇ. ಲಿಯೊಪೋಲ್ಡ್ ಇದನ್ನು ನಂಬಿದ್ದಷ್ಟೇ ಅಲ್ಲ, ನ್ಯೂ ಮೆಕ್ಸಿಕೊದಲ್ಲಿ ಒಂದು ತೋಳವೂ ಉಳಿಯಬಾರದೆಂದು ವರ್ಷಗಟ್ಟಲೆ ಪ್ರಚಾರವನ್ನೂ ಮಾಡಿದರು.

ಅಷ್ಟರಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿಯಲ್ಲಿ ಬೇರೆಯೇ ಕತೆ ನಡೆದಿತ್ತು. 1906ರಲ್ಲಿ ಅದನ್ನು ಜಿಂಕೆಗಳಿಗಾಗಿ ಮೀಸಲಿಟ್ಟರು. ಸರ್ಕಾರಿ ಬೇಟೆಗಾರರು ಪ್ಯೂಮಾ, ತೋಳ, ಕಯೋಟಿಗಳನ್ನು ಕೊಂದರು. ಜಿಂಕೆಗಳು ಹೆಚ್ಚಿದವು, ಬಾಯಿಗೆ ಎಟುಕುವ ಎತ್ತರದವರೆಗೂ ಎಲೆ ಚಿಗುರುಗಳನ್ನೆಲ್ಲ ತಿಂದವು, 1920ರ ದಶಕದ ಚಳಿಗಾಲಗಳಲ್ಲಿ ಹಸಿವಿನಿಂದ ಸತ್ತವು. ಅಲ್ಲಿನ ಅಂಕಿಗಳ ಬಗ್ಗೆ ವಿಜ್ಞಾನಿಗಳು ಆಮೇಲೆ ಸಾಕಷ್ಟು ಜಗಳವಾಡಿದ್ದಾರೆ. ಮೇಯುವ ಕುರಿ, ದನಗಳನ್ನು ಕಡಿಮೆ ಮಾಡಿದ್ದೂ ಒಂದು ಕಾರಣ ಎನ್ನುತ್ತಾರೆ. ಆದರೂ ಮುಖ್ಯ ವಿಷಯ ಬದಲಾಗುವುದಿಲ್ಲ. ಒಂದು ನೆಲ ಇಂತಿಷ್ಟೇ ಬಾಯಿಗಳನ್ನು ಸಾಕಬಲ್ಲದು. ಅದನ್ನು ಮೀರಿದರೆ ಮೊದಲು ಗಿಡ ಹಾಳು, ಆಮೇಲೆ ಪ್ರಾಣಿ ಹಾಳು. ಗಿಡ ಚೇತರಿಸಿಕೊಳ್ಳಲು ದಶಕಗಳೇ ಬೇಕು.

ಲಿಯೊಪೋಲ್ಡ್ ಒಂದೇ ದಿನದಲ್ಲಿ ಬದಲಾಗಲಿಲ್ಲ. 1924ರಲ್ಲಿ ಮ್ಯಾಡಿಸನ್‌ಗೆ ಬಂದರು, 1933ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1935ರಲ್ಲಿ ಜರ್ಮನಿಗೆ ಹೋದಾಗ, ಸಾಲಾಗಿ ನೆಟ್ಟ ಮರಗಳ ಕೆಳಗೆ ಜಿಂಕೆಗಳು ಏನೂ ಬೆಳೆಯಲು ಬಿಡದ ಕಾಡುಗಳನ್ನು ನೋಡಿದರು. ಮರುವರ್ಷ ಮೆಕ್ಸಿಕೊದ ಗಾವಿಲಾನ್ ನದಿಯ ಹತ್ತಿರ ತೋಳ, ಪ್ಯೂಮಾ, ಜಿಂಕೆ ಮೂರೂ ಇದ್ದ ಬೆಟ್ಟಗಳನ್ನು ನೋಡಿದರು. ಅಲ್ಲಿ ಹುಲ್ಲೂ ಇತ್ತು, ತಿಳಿನೀರೂ ಇತ್ತು.

1943ರಲ್ಲಿ ವಿಸ್ಕಾನ್ಸಿನ್‌ನ ಸಂರಕ್ಷಣಾ ಆಯೋಗದ ಸದಸ್ಯರಾದಾಗ, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಬೇಕು, ಇಲ್ಲದಿದ್ದರೆ ಉತ್ತರದ ಕಾಡು ಉಳಿಯುವುದಿಲ್ಲ ಎಂದರು. ಜನ ಸಿಟ್ಟಾದರು. ಅವರನ್ನು ಬೈಯಲೆಂದೇ ಪತ್ರಿಕೆ ಹೊರಟಿತು.

ನನಗೆ ತುಂಬ ಇಷ್ಟವಾದ ಭಾಗ ಇದರ ನಂತರದ್ದು. ಲಿಯೊಪೋಲ್ಡ್ ತಮ್ಮ ಪ್ರಬಂಧಗಳನ್ನು ಹಳೆಯ ವಿದ್ಯಾರ್ಥಿ ಆಲ್ಬರ್ಟ್ ಹೋಕ್‌ಬಾಮ್ ಅವರಿಗೆ ಕಳಿಸುತ್ತಿದ್ದರು. ತೋಳಗಳು ಮಾಯವಾದದ್ದರಲ್ಲಿ ನಿಮ್ಮ ಪಾಲೂ ಇದೆಯಲ್ಲ, ಅದನ್ನೂ ಬರೆಯಿರಿ ಎಂದು ಹೋಕ್‌ಬಾಮ್ ಪತ್ರಗಳಲ್ಲಿ ಒತ್ತಾಯಿಸಿದರು. ಗುರುಗಳಿಗೆ ಹೀಗೆ ಬರೆಯಲು ಧೈರ್ಯ ಬೇಕು. ಗುರುಗಳು ಮೊದಲು ಒಪ್ಪಲಿಲ್ಲ. ಕೊನೆಗೆ 1944ರಲ್ಲಿ, ಆ ಗುಂಡು ಹಾರಿದ 35 ವರ್ಷಗಳ ಮೇಲೆ, ಅರಿಜೋನಾದ ಆ ತಾಯಿ ತೋಳದ ಕಣ್ಣಿನ ಬೆಳಕು ಆರಿದ್ದನ್ನು ಬರೆದು, ತಾವು ತಪ್ಪು ತಿಳಿದಿದ್ದೆವೆಂದು ಒಪ್ಪಿಕೊಂಡರು. ಜಿಂಕೆಗೆ ತೋಳದ ಭಯವಿದ್ದಂತೆ ಬೆಟ್ಟಕ್ಕೆ ಜಿಂಕೆಯ ಭಯವಿರುತ್ತದೆ ಎಂಬ ಅವರ ವಿಚಾರ ಅಲ್ಲೇ ಇದೆ.

ಬರಬೂ ಊರಿನ ಹತ್ತಿರ 1935ರಲ್ಲಿ ಅವರು ಸವೆದುಹೋದ ಹೊಲವೊಂದನ್ನು ಕೊಂಡಿದ್ದರು. ಅಲ್ಲಿ ಉಳಿದಿದ್ದದ್ದು ಒಂದು ಕೋಳಿಮನೆ ಮಾತ್ರ. ಹೆಂಡತಿ ಎಸ್ಟೆಲ್ಲಾ, ಐವರು ಮಕ್ಕಳು ಸೇರಿ ಅದರ ಗೊಬ್ಬರ ಬಾಚಿ ವಾಸಕ್ಕೆ ಯೋಗ್ಯ ಮಾಡಿದರು. ವಸಂತ ಬಂದಾಗಲೆಲ್ಲ ಸಾವಿರಾರು ಪೈನ್ ಸಸಿ ನೆಟ್ಟರು. 1936ರ ಬರದಲ್ಲಿ ಮೊದಲ ಸಸಿಗಳು ಹೆಚ್ಚುಕಡಿಮೆ ಎಲ್ಲ ಒಣಗಿದವು, ಮತ್ತೆ ನೆಟ್ಟರು. ಕಳೆದ ವರ್ಷ ಅಪ್ಪ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಪೈನ್‌ಗಳ ತುದಿ ನೋಡಬೇಕಾದರೆ ಕತ್ತು ಪೂರ್ತಿ ಎತ್ತಬೇಕು.

1948ರ ಏಪ್ರಿಲ್ 14ರಂದು ಅವರ ಪುಸ್ತಕ ಪ್ರಕಟಿಸುತ್ತೇವೆಂದು ಪ್ರಕಾಶಕರಿಂದ ಫೋನ್ ಬಂತು. 21ರಂದು ಪಕ್ಕದವರ ಜಮೀನಿನ ಹುಲ್ಲಿಗೆ ಬೆಂಕಿ ಬಿತ್ತು. ಆರಿಸಲು ಹೋದ ಲಿಯೊಪೋಲ್ಡ್ ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ವಯಸ್ಸು 61. ಮಗ ಲೂನಾ ಹಸ್ತಪ್ರತಿಯನ್ನು ಸಿದ್ಧಪಡಿಸಿದರು. 1949ರಲ್ಲಿ ಪುಸ್ತಕ ಹೊರಬಂತು.

ಯಾವ ಹೂವು ಯಾವ ದಿನ ಅರಳಿತು, ಯಾವ ಹಕ್ಕಿ ಯಾವ ದಿನ ಮರಳಿತು ಎಂದು ಲಿಯೊಪೋಲ್ಡ್ ಆ ಹೊಲದಲ್ಲಿ ಬರೆದಿಡುತ್ತಿದ್ದರು. ಮಗಳು ನೀನಾ ವಯಸ್ಸಾದ ಮೇಲೆ ಅಲ್ಲಿಗೇ ಮರಳಿ, ಅದೇ ಪಟ್ಟಿಯನ್ನು ಮುಂದುವರಿಸಿದರು. 1999ರಲ್ಲಿ ಅಪ್ಪನ ತಾರೀಕುಗಳನ್ನೂ ತಮ್ಮ ತಾರೀಕುಗಳನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸಿದಾಗ, ಎಷ್ಟೋ ಹೂಗಳೂ ಹಕ್ಕಿಗಳೂ ಮೊದಲಿಗಿಂತ ಬೇಗ ಬರುತ್ತಿರುವುದು ಕಂಡಿತು.