ದೇಶಾಟನೆಯನ್ನೇ ವಿದ್ಯೆಯಾಗಿಸಿಕೊಂಡ ಪಿಯೆತ್ರೊ ದೆಲ್ಲಾ ವಾಲ್ಲೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಆದರೆ ದೇಶ ಸುತ್ತುವವರೆಲ್ಲರ ಉದ್ದೇಶವೂ ಒಂದೇ ಅಲ್ಲ. ವರ್ತಕನು ಲಾಭಕ್ಕಾಗಿ ಸುತ್ತುತ್ತಾನೆ, ರಾಯಭಾರಿಯು ಒಡೆಯನ ಅಪ್ಪಣೆಯಂತೆ ಸುತ್ತುತ್ತಾನೆ, ಸೈನಿಕನು ಸಂಬಳಕ್ಕಾಗಿ ಸುತ್ತುತ್ತಾನೆ. ಯಾರ ಹಂಗೂ ಇಲ್ಲದೆ, ತನ್ನ ಸ್ವಂತ ಹಣವನ್ನು ವ್ಯಯಿಸಿ, ಕಾಣದ ನಾಡನ್ನು ಕಂಡು ತಿಳಿಯಬೇಕೆಂಬ ಒಂದೇ ಹಂಬಲದಿಂದ ಹೊರಡುವವನು ವಿರಳ. ಅಂತಹ ವಿರಳರಲ್ಲಿ ಇಟಲಿ ದೇಶದ ಪಿಯೆತ್ರೊ ದೆಲ್ಲಾ ವಾಲ್ಲೆ ಒಬ್ಬನು. ಕನ್ನಡ ನಾಡಿನ ಒಂದು ಮೂಲೆಯನ್ನು ಕಣ್ಣಾರೆ ಕಂಡು ಬರೆದಿಟ್ಟ ಈತನ ಜೀವನವು ವಿದ್ಯಾವಂತರೆಲ್ಲರೂ ತಿಳಿಯತಕ್ಕುದಾಗಿದೆ.

ಈತನು 1586ರಲ್ಲಿ ರೋಮ್ ನಗರದ ಕುಲೀನ ಮನೆತನವೊಂದರಲ್ಲಿ ಜನಿಸಿದನು. ಸಿರಿವಂತಿಕೆ, ಕಾವ್ಯ ಸಂಗೀತಗಳ ಅಭಿರುಚಿ ಎಲ್ಲವೂ ಇದ್ದವು. ಆದರೆ ಯೌವನದಲ್ಲಿ ಪ್ರೀತಿಸಿದ ಕನ್ಯೆ ದೊರೆಯದೆ ಹೋದುದರಿಂದ ಮನಸ್ಸು ಮುರಿಯಿತು. ನೇಪಲ್ಸಿನ ವೈದ್ಯ ಮಿತ್ರನಾದ ಮಾರಿಯೊ ಸ್ಕಿಪಾನೊ ಎಂಬವನ ಸಲಹೆಯಂತೆ ಪವಿತ್ರ ಭೂಮಿಯ ಯಾತ್ರೆಯನ್ನು ಕೈಕೊಂಡು, 1614ರ ಜೂನ್ ತಿಂಗಳಲ್ಲಿ ವೆನಿಸ್ಸಿನಿಂದ ಹಡಗನ್ನೇರಿದನು. ಕಂಡುದನ್ನೆಲ್ಲ ಆ ಮಿತ್ರನಿಗೆ ಪತ್ರಮುಖೇನ ಬರೆಯುತ್ತ ಹೋದನು. ಆ ಪತ್ರಗಳೇ ಮುಂದೆ ಆತನ ಕೀರ್ತಿಗೆ ಕಾರಣವಾದವು.

ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ವರುಷಕ್ಕೂ ಮಿಕ್ಕಿ ನಿಂತು ತುರ್ಕಿ ಭಾಷೆಯನ್ನು ಕಲಿತನು. ಈಜಿಪ್ಟ್, ಜೆರುಸಲೇಮ್, ದಮಾಸ್ಕಸ್, ಬಾಗ್ದಾದುಗಳನ್ನು ಕಂಡನು. ಬಾಗ್ದಾದಿನಲ್ಲಿ 1616ರಲ್ಲಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ವರಿಸಿದನು. ದಂಪತಿಗಳು ಪರ್ಷಿಯಾಕ್ಕೆ ತೆರಳಿ ಷಾ ಅಬ್ಬಾಸನ ಆಸ್ಥಾನವನ್ನು ಕಂಡರು. ಪರ್ಸೆಪೊಲಿಸ್ಸಿನ ಶಿಲೆಗಳ ಮೇಲಿದ್ದ ಬೆಣೆಯಾಕಾರದ ಕೆಲವು ಅಕ್ಷರಗಳನ್ನು ಆತನು ನಕಲು ಮಾಡಿ ಯುರೋಪಿಗೆ ಕಳುಹಿಸಿದನು. ಅದನ್ನು ಓದಬಲ್ಲವರು ಆಗ ಭೂಮಿಯ ಮೇಲೆ ಯಾರೂ ಇರಲಿಲ್ಲ. ಆದರೂ ಅದು ಬರಹವೇ ಸರಿ, ಎಡದಿಂದ ಬಲಕ್ಕೆ ಓದತಕ್ಕುದು ಎಂದು ಆತನು ಊಹಿಸಿದ್ದು ಮುಂದೆ ನಿಜವಾಯಿತು.

1621ರ ಕೊನೆಯಲ್ಲಿ ಹೋರ್ಮುಜ್ ಸಮೀಪದ ಮೀನಾಬ್ ಎಂಬಲ್ಲಿ ಪತ್ನಿಯು ಜ್ವರದಿಂದ ತೀರಿಕೊಂಡಳು. ಆಕೆಯನ್ನು ಪರನೆಲದಲ್ಲಿ ಬಿಟ್ಟು ಹೋಗಲು ಆತನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಲೇಪನ ಮಾಡಿಸಿ ಪೆಟ್ಟಿಗೆಯಲ್ಲಿರಿಸಿಕೊಂಡು, ಆ ಭಾರವನ್ನು ಹೊತ್ತೇ ಮುಂದಿನ ಪ್ರಯಾಣವನ್ನು ಬೆಳೆಸಿದನು. 1623ರ ಫೆಬ್ರವರಿಯಲ್ಲಿ ಸೂರತ್ ಬಂದರಿನಲ್ಲಿಳಿದು, ಅಹಮದಾಬಾದ್, ಖಂಭಾತಗಳನ್ನು ನೋಡಿ ಗೋವೆಗೆ ಬಂದನು.

ಆಗ ನಮ್ಮ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಆಳುತ್ತಿದ್ದನು. 1510ರವರೆಗೆ ಗೋವೆಯೂ ಈ ರಾಜ್ಯಕ್ಕೇ ಸೇರಿದ್ದಿತು. ವಿಜಯಪುರದ ಕೀರ್ತಿಯು ಕಡಲಾಚೆಗೂ ಹಬ್ಬಿದ್ದಿತು. ದೆಲ್ಲಾ ವಾಲ್ಲೆಯಾದರೋ ಈ ಪ್ರಖ್ಯಾತ ರಾಜಧಾನಿಗೆ ಬರಲಿಲ್ಲ. ಪೋರ್ಚುಗೀಜರ ರಾಯಭಾರಿಯೊಬ್ಬನು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಾಗ, ಪರದೇಶಿಯರು ಅಪರೂಪವಾಗಿ ಕಾಣುತ್ತಿದ್ದ ಆ ಒಳನಾಡನ್ನು ನೋಡಬೇಕೆಂದು, ಯಾವ ಅಧಿಕಾರವೂ ಇಲ್ಲದ ಸಹಪ್ರಯಾಣಿಕನಾಗಿ ಜೊತೆಗೂಡಿದನು. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ, ನವೆಂಬರ್ ತಿಂಗಳಲ್ಲಿ ಇಕ್ಕೇರಿಯನ್ನು ಸೇರಿದನು.

ಘಟ್ಟದ ಮಾರ್ಗದಲ್ಲಿ ಆತನು ಕಂಡ ಒಂದು ದೃಶ್ಯವು ಶಿಕ್ಷಕರೆಲ್ಲರೂ ನೆನಪಿಡತಕ್ಕುದು. ಹೊರೆಯಾಳುಗಳು ಹೊರೆಗಳನ್ನು ಸಜ್ಜುಗೊಳಿಸುತ್ತಿದ್ದಾಗ ಆತನು ಗುಡಿಯೊಂದರ ಮೊಗಸಾಲೆಯಲ್ಲಿ ಕುಳಿತನು. ಅಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಅದನ್ನೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ ಹೊಸ ಮರಳನ್ನು ಎರಚುವರು. ಗುರುವು ಬಳಿಯಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರಾರು ಎಂದು ಆತನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲವೆಂದೂ, ಒಬ್ಬನು ಎಡವಿದರೆ ಮತ್ತೊಬ್ಬನು ತಿದ್ದುವನೆಂದೂ ಬಾಲಕರು ಉತ್ತರವಿತ್ತರು. ಹಲವು ರಾಜಧಾನಿಗಳನ್ನು ಕಂಡಿದ್ದ ಪ್ರವಾಸಿಯು ಈ ವಿಧಾನವನ್ನು ಮೆಚ್ಚಿ ವಿವರವಾಗಿ ಬರೆದಿಟ್ಟನು. ಕನ್ನಡ ನಾಡಿನ ಅಂದಿನ ವಿದ್ಯಾಭ್ಯಾಸವನ್ನು ಕುರಿತು ಇಷ್ಟು ಸ್ಪಷ್ಟವಾದ ಪ್ರತ್ಯಕ್ಷ ವರ್ಣನೆಗಳು ಬಹು ಕಡಿಮೆ.

ಇಕ್ಕೇರಿಯಲ್ಲಿ ಆತನು ಅರಸನ ಓಲಗವನ್ನೂ, ಹೆಣ್ಣುಮಕ್ಕಳ ಕೋಲಾಟವನ್ನೂ ಕಂಡನು. ಲಿಂಗವಂತರನ್ನೂ, ಜನರು ಪೂಜ್ಯಭಾವದಿಂದ ಕಾಣುತ್ತಿದ್ದ ಜಂಗಮರನ್ನೂ ಹೆಸರಿಸಿ ಬರೆದನು. ಅಲ್ಲಿಯೇ ಆತನ ಮನವನ್ನು ಕಲಕಿದ ಸಂಗತಿಯೊಂದು ನಡೆಯಿತು. ಮದ್ದಳೆಗಾರನೊಬ್ಬನ ವಿಧವೆಯು ಸಹಗಮನಕ್ಕೆ ನಿಶ್ಚಯಿಸಿದ್ದಳು. ಜಕ್ಕಮ್ಮ ಎಂದು ಓದಬಹುದಾದ ಹೆಸರು ಆತನ ಬರಹದಲ್ಲಿದೆ. ಆತನು ಆಕೆಯ ಮನೆಗೇ ಹೋಗಿ, ಎಳೆಯ ಮಕ್ಕಳನ್ನು ನೆನಪಿಸಿ, ಈ ನಿಶ್ಚಯವನ್ನು ಬಿಡಬೇಕೆಂದು ಬೇಡಿಕೊಂಡನು. ಆಕೆಯು ಒಪ್ಪಲಿಲ್ಲ. ತನ್ನ ಕೈಲಾದ ಮಟ್ಟಿಗೆ ಆಕೆಯ ಹೆಸರು ಅಳಿಯದಂತೆ ಮಾಡುವೆನೆಂದು ಮಾತುಕೊಟ್ಟು ಬಂದನು. ಮಡದಿಯನ್ನು ಕಳೆದುಕೊಂಡಿದ್ದ ಆತನಿಗೆ ಆ ದುಃಖದ ಆಳವು ತಿಳಿದಿದ್ದಿತು. ಆ ಕ್ರೂರ ಪದ್ಧತಿಯು ಬ್ರಿಟಿಷರ ಆಡಳಿತದಲ್ಲಿ 1829ರಲ್ಲಿ ಬಂಗಾಳದಲ್ಲಿ ನಿಷಿದ್ಧವಾಯಿತು. ಆಕೆಯ ಜೀವವನ್ನು ಉಳಿಸಲು ಆತನಿಂದಾಗಲಿಲ್ಲ. ಆದರೆ ನಾಲ್ಕು ನೂರು ವರುಷಗಳಾದರೂ ಆ ಬಡ ಹೆಣ್ಣುಮಗಳ ಹೆಸರು ಉಳಿದುಬಂದುದು ಆತನ ಮಾತಿನ ಬಲದಿಂದಲೇ.

ಅನಂತರ ರಾಯಭಾರಿಯ ಪರಿವಾರವನ್ನು ಬಿಟ್ಟು, ತನ್ನದೇ ದಾರಿ ಹಿಡಿದು ಘಟ್ಟವನ್ನಿಳಿದು ಬಸರೂರು, ಮಂಗಳೂರುಗಳಿಗೆ ಹೋದನು. ಉಳ್ಳಾಲದ ರಾಣಿ ಅಬ್ಬಕ್ಕನನ್ನು ಆತನು ಕಂಡುದು ಸಿಂಹಾಸನದ ಮೇಲಲ್ಲ. ಕಾಲುವೆ ತೋಡುವ ಕೆಲಸವನ್ನು ನೋಡಲು ಆಕೆಯು ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದಳು. ಕದ್ರಿಯ ಜೋಗಿಗಳ ಅರಸನನ್ನೂ ಕಂಡು, ಕಲ್ಲಿಕೋಟೆಯವರೆಗೆ ಸಾಗಿ ಗೋವೆಗೆ ಮರಳಿದನು. 1624ರಲ್ಲಿ ಗೋವೆಯನ್ನು ಬಿಟ್ಟು, ಮಸ್ಕತ್, ಬಸರಾ, ಅಲೆಪ್ಪೊಗಳ ಮೂಲಕ 1626ರಲ್ಲಿ ರೋಮನ್ನು ಮುಟ್ಟಿ, ಪತ್ನಿಯ ದೇಹವನ್ನು ಮನೆತನದ ಸಮಾಧಿಯಲ್ಲಿರಿಸಿದನು. ಹನ್ನೆರಡು ವರುಷಗಳ ಯಾತ್ರೆಯು ಹೀಗೆ ಮುಗಿಯಿತು. ಪತ್ರಗಳ ಮೊದಲ ಸಂಪುಟವು 1650ರಲ್ಲಿ ಅಚ್ಚಾಯಿತು. 1652ರಲ್ಲಿ ಆತನು ತೀರಿಕೊಂಡನು. ಭಾರತವನ್ನು ಕುರಿತ ಸಂಪುಟವು 1663ರಲ್ಲಿ ಹೊರಬಂದಿತು. ಅದನ್ನು ಮುದ್ರಿತರೂಪದಲ್ಲಿ ನೋಡುವ ಭಾಗ್ಯ ಆತನಿಗೆ ಲಭಿಸಲಿಲ್ಲ.

ಇಂದು ವಿಜಯಪುರದ ಗೋಲಗುಮ್ಮಟವನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಬಂದವರಲ್ಲಿ ತಿಕೋಟಾ, ಬಬಲೇಶ್ವರಗಳತ್ತ ಹೊರಳಿ ನೋಡುವವರು ಎಷ್ಟು ಮಂದಿ? ಹೆಸರಾದ ಸ್ಥಳವನ್ನು ಕಣ್ಣು ಸುಲಭವಾಗಿ ಕಾಣುತ್ತದೆ. ಹೆಸರಿಲ್ಲದ ಊರನ್ನು ಕಾಣಲು ಮನಸ್ಸು ಬೇಕು. ಸಾಮ್ರಾಟರ ಆಸ್ಥಾನಗಳನ್ನು ಕಂಡು ಬಂದವನು ಮರಳಿನ ಮೇಲೆ ಅಂಕಿ ಬರೆಯುವ ನಾಲ್ವರು ಬಾಲಕರ ಮುಂದೆ ಕುಳಿತು ಪ್ರಶ್ನೆ ಕೇಳಿದನು. ಅವರ ಉತ್ತರದಿಂದ ತಾನೂ ಒಂದಿಷ್ಟು ಕಲಿತನು. ಮರಳಿನ ಮೇಲಿನ ಅಂಕಿಗಳು ಆ ದಿನವೇ ಅಳಿದವು. ಅವುಗಳನ್ನು ಬರೆದ ಮಕ್ಕಳ ಜಾಣ್ಮೆ ಮಾತ್ರ ಅಳಿಯದೆ ಉಳಿದಿದೆ. ನಮ್ಮ ಗ್ರಾಮಗಳ ಶಾಲೆಗಳ ಜಗಲಿಯ ಮೇಲೆ ಇಂದಿಗೂ ಮಗ್ಗಿ ಹೇಳುತ್ತಿರುವ ಮಕ್ಕಳನ್ನು ಅಂತಹ ಕಣ್ಣಿನಿಂದ ಕಾಣುವುದೇ ಆ ಮಹಾಯಾತ್ರಿಕನಿಗೆ ಸಲ್ಲಿಸುವ ತಕ್ಕ ಗೌರವವಾಗಿದೆ.