ಕುರ್ಚಿಯಿಲ್ಲದ ಜನರ ಪ್ರತಿನಿಧಿ

ಎಡ್ವರ್ಡ್ ಯೂಡ್ ಹುಟ್ಟಿದ್ದು 1924ರಲ್ಲಿ, ವೇಲ್ಸ್‌ನ ಪೆನಾರ್ಥ್‌ನಲ್ಲಿ. ಲಂಡನ್ನಿನಲ್ಲಿ ಚೀನಿ ಭಾಷೆ ಕಲಿತು, 1947ರಲ್ಲಿ ಬ್ರಿಟನ್ನಿನ ವಿದೇಶಾಂಗ ಇಲಾಖೆ ಸೇರಿದರು. 1949ರಲ್ಲಿ ಯಾಂಗ್‌ಟ್ಸಿ ನದಿಯಲ್ಲಿ ಬ್ರಿಟಿಷ್ ನೌಕೆ ಅಮಿಥಿಸ್ಟ್ ಗುಂಡಿನ ದಾಳಿಗೆ ಸಿಲುಕಿದಾಗ, 24ರ ಹರೆಯದ ಯೂಡ್ ಯುದ್ಧದ ನಡುವೆಯೇ ಕಮ್ಯುನಿಸ್ಟ್ ಪಡೆಗಳ ಬಳಿ ಹೋಗಿ ಮಾತನಾಡಿದರು. ನೌಕೆಯ ಬಿಡುಗಡೆಗೆ ಅವರು ಒಪ್ಪಲಿಲ್ಲ.

1982ರಲ್ಲಿ ಯೂಡ್ ಹಾಂಗ್‌ಕಾಂಗ್ ಗವರ್ನರ್ ಆದರು. 1997ಕ್ಕೆ ನ್ಯೂ ಟೆರಿಟರೀಸ್‌ನ ಗುತ್ತಿಗೆ ಮುಗಿಯುವುದಿತ್ತು. 50 ಲಕ್ಷಕ್ಕೂ ಹೆಚ್ಚು ಜನರ ಭವಿಷ್ಯವನ್ನು ಬ್ರಿಟನ್ ಮತ್ತು ಚೀನಾ ಚರ್ಚಿಸುತ್ತಿದ್ದವು. ಆ ಜನರಿಗೇ ಅಲ್ಲಿ ಕುರ್ಚಿ ಇರಲಿಲ್ಲ. ತಾನು ಹಾಂಗ್‌ಕಾಂಗ್ ಜನರ ಪ್ರತಿನಿಧಿ ಎಂದು 1983ರಲ್ಲಿ ಯೂಡ್ ಹೇಳಿದರು. ಅವರು ಬ್ರಿಟಿಷ್ ನಿಯೋಗದ ಸದಸ್ಯರು ಮಾತ್ರ ಎಂದು ಚೀನಾ ಪಟ್ಟುಹಿಡಿಯಿತು.

1984ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಶಾಸನ ಸಭೆಗೆ 24 ಮಂದಿ ಮೊದಲ ಬಾರಿ ಚುನಾವಣೆಯ ಮೂಲಕ ಬಂದರು, ಅದೂ ಪರೋಕ್ಷವಾಗಿ. ಸಭೆಗೆ ನೇರ ಮತದಾನವನ್ನು ಯೂಡ್ ನೋಡಲಿಲ್ಲ. 1986ರ ಡಿಸೆಂಬರ್ 5ರಂದು, ಕರ್ತವ್ಯದ ಮೇಲೆ ಹೋಗಿದ್ದ ಬೀಜಿಂಗ್‌ನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಏಕೈಕ ಹಾಂಗ್‌ಕಾಂಗ್ ಗವರ್ನರ್ ಅವರು. ಅವರ ಹೆಸರಿನ ನಿಧಿಯಿಂದ ಅಲ್ಲಿನ ವಿದ್ಯಾರ್ಥಿಗಳಿಗೆ ಇಂದಿಗೂ ವಿದ್ಯಾರ್ಥಿವೇತನ ಸಿಗುತ್ತಿದೆ.